ಕೆಮ್ಮಣ್ಣು ಹಚ್ಚಿದ ಕಾಫಿ ಬೀಜ

ಇಥಿಯೋಪಿಯಾದ ಒಂದು ಗುಡ್ಡದ ಮೇಲೆ, ಮಣ್ಣಿನ ಗೋಡೆಯ ಮನೆಯೊಂದರ ಜಗುಲಿಯಲ್ಲಿ ಕೂತು, ಅಲ್ಮಾಜ್ ಎಂಬ ಹೆಂಗಸಿನ ಕೈಗೆ ನಾನೊಂದು ತೊಗರಿಯ ಗಂಟು ಕೊಟ್ಟದ್ದು ನನಗೆ ನೆನಪಿದೆ. ಆಕೆ ಗಂಟು ಬಿಚ್ಚಿದಳು, ಒಂದು ಕಾಳನ್ನು ಬಾಯಿಗೆ ಹಾಕಿಕೊಂಡಳು, ನಕ್ಕಳು. ಬಿಸಿಲು ಎಡಗಡೆಯಿಂದ ಬೀಳುತ್ತಿತ್ತು. ಇಷ್ಟೆಲ್ಲ ಸ್ಪಷ್ಟವಾಗಿದೆ. ತೊಂದರೆ ಏನೆಂದರೆ, ಗಂಟು ಬಿಚ್ಚುವ ಆ ಕೈಯಲ್ಲಿ ಹಸಿರು ಗಾಜಿನ ಬಳೆಗಳಿವೆ. ಅಲ್ಮಾಜ್ ಬಳೆ ತೊಡುತ್ತಿರಲಿಲ್ಲ. ಆ ಬಳೆಗಳು ಸೇಡಂ ತಾಲೂಕಿನ ಆಡಕಿಯಲ್ಲಿದ್ದ ನನ್ನ ದೊಡ್ಡವ್ವನವು.

ಹಾಗಾದರೆ ಉಳಿದದ್ದರಲ್ಲಿ ಎಷ್ಟು ಖರೆ, ಎಷ್ಟು ನಾನೇ ಕಟ್ಟಿದ್ದು? ಈಗಲೂ ಪೂರ್ತಿ ಹೇಳಲಾರೆ. ವಿಶ್ವವಿದ್ಯಾಲಯದಲ್ಲಿ ಐದಾರು ವರ್ಷ ಕೂತು ನಾನು ಕಲಿತದ್ದು ಒಂದೇ ಒಂದು ವಿದ್ಯೆ. ಯಾರು ಏನೇ ಹೇಳಲಿ, ‘ನಿಮಗೆ ಹೇಗೆ ಗೊತ್ತು?’ ಎಂದು ಕೇಳುವುದು. ಪ್ರಾಧ್ಯಾಪಕರನ್ನು ಕೇಳಿದೆ, ಪೂಜಾರಿಯನ್ನು ಕೇಳಿದೆ, ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಕೇಳಿ ಬೈಸಿಕೊಂಡೆ. ನನ್ನನ್ನೇ ಕೇಳಿಕೊಳ್ಳಲು ಮಾತ್ರ ಬಹಳ ತಡವಾಯಿತು.

ಇದೆಲ್ಲ ಈಗ ಏಕೆಂದರೆ, ಮೊನ್ನೆ ಹಳೆಯ ಕಾಗದ ತೆಗೆದು ಹಾಕುವಾಗ ಆ ಕಾಲದ ಪ್ರವಾಸದ ಡೈರಿಯೊಂದು ಕೈಗೆ ಬಂತು. ಹಿಂದಿನ ರಟ್ಟಿನ ಮೇಲೆ ಹೆಬ್ಬೆರಳ ಗಾತ್ರದ ಕೆಂಪು ಕಲೆ. ಮಣ್ಣಿನ ಕಲೆ. ಒಂದು ಕಾಲದಲ್ಲಿ ಈ ಕಲೆಯೇ ನನ್ನ ಪುರಾವೆಯಾಗಿತ್ತು. ಗಂಟು ನನ್ನ ಚೀಲದಲ್ಲಿ ಪ್ರಯಾಣ ಮಾಡಿದೆ, ಅದರ ಕೆಮ್ಮಣ್ಣು ಡೈರಿಗೆ ಹತ್ತಿದೆ, ಆದ್ದರಿಂದ ನಾನು ಸುಳ್ಳನಲ್ಲ. ಆದರೆ ಅಲ್ಮಾಜಳ ಊರಿನ ಮಣ್ಣೂ ಕೆಂಪೇ. ಚಿಂಚೋಳಿ ಕಡೆಯ ಗುಡ್ಡದ ಮಣ್ಣನ್ನೂ ಅದನ್ನೂ ಪಕ್ಕಪಕ್ಕದಲ್ಲಿಟ್ಟರೆ ನಾನಂತೂ ಗುರುತು ಹಿಡಿಯಲಾರೆ.

ಕೆಮ್ಮಣ್ಣಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಆಡಕಿಯ ಸುತ್ತ ಇರುವುದು ಕರಿ ಎರೆ ಭೂಮಿ. ಮಳೆ ಬಂದರೆ ಚಪ್ಪಲಿಯನ್ನು ತಾನಿಟ್ಟುಕೊಂಡು ನಮ್ಮನ್ನು ಕಳಿಸುವ ಮಣ್ಣು. ಆದರೆ ತೊಗರಿಯನ್ನು ಬೇಳೆ ಮಾಡಬೇಕಾದರೆ ಕೆಮ್ಮಣ್ಣೇ ಬೇಕು. ಚಿಂಚೋಳಿ ಕಡೆಯ ಕೊಡ್ಲಿಯಿಂದ ಯಾರಾದರೂ ಬಂಡಿ ಹೊಡೆದುಕೊಂಡು ಬರುವವರಿದ್ದರೆ ದೊಡ್ಡವ್ವ ಎರಡು ಪುಟ್ಟಿ ಮಣ್ಣು ಹೇಳಿ ತರಿಸುತ್ತಿದ್ದಳು. ತೊಗರಿ ನೆನೆಹಾಕಿ, ಕೆಮ್ಮಣ್ಣು ಕಲಸಿ ಹಚ್ಚಿ, ಗುಡ್ಡೆ ಮಾಡಿ ಮುಚ್ಚಿಟ್ಟು, ಆಮೇಲೆ ಅಂಗಳದ ಶಹಾಬಾದಿ ಫರಸಿ ಕಲ್ಲಿನ ಮೇಲೆ ಹರವುವುದು. ನಾಲ್ಕು ದಿನದ ಬಿಸಿಲು ಕುಡಿದ ಕಾಳನ್ನು ಬೀಸುಕಲ್ಲಿಗೆ ಹಾಕಿದರೆ ಸಿಪ್ಪೆ ತಾನಾಗಿ ಬಿಟ್ಟು ಬೇಳೆ ಎರಡಾಗಿ ಬೀಳುತ್ತದೆ. ಬೀಜಕ್ಕೆಂದು ಇಡುವ ಕಾಳಿಗೆ ಒಣ ಕೆಮ್ಮಣ್ಣು ತಿಕ್ಕಿ ಇಡುವುದು. ಹುಳ ಬೀಳುವುದಿಲ್ಲ. ನನ್ನ ಬಾಲ್ಯದ ಫರಸಿಗಳೆಲ್ಲ ಮಾಘ ಮಾಸದಲ್ಲಿ ಕೆಂಪಾಗಿರುತ್ತಿದ್ದವು, ನನ್ನ ಚಡ್ಡಿಯ ಹಿಂಭಾಗವೂ.

ನಾನು ಆ ಫರಸಿಯ ಮೇಲೆ ಬೆಳೆಯಲು ಕಾರಣ, ಅಪ್ಪ ಚಿತ್ತಾಪುರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದು, ನಾಲ್ಕು ಮಕ್ಕಳಲ್ಲಿ ಹೆಚ್ಚು ಗಲಾಟೆ ಮಾಡುವವನನ್ನು ಅವ್ವ ತನ್ನ ಅಕ್ಕನ ಕೈಗೆ ಒಪ್ಪಿಸಿದ್ದು. ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ನಾನು ಆಡಕಿಯವನೇ. ದೊಡ್ಡವ್ವನ ಕಡೆ ಶಾಲೆಯ ವಿದ್ಯೆ ಇರಲಿಲ್ಲ. ಆದರೆ ಸುಳ್ಳನ್ನು ಮಾತ್ರ ಬೀಜದ ಕಾಳಿನಂತೆ ಬೆರಳಲ್ಲಿ ಆರಿಸಿ ತೆಗೆಯುತ್ತಿದ್ದಳು. ಬೆಲ್ಲ ಕದ್ದ ದಿನ ‘ಇರುವೆ ತಿಂದಾವ’ ಎಂದರೆ, ‘ಇರುವಿ ಮಾರಿ ಒರಸಕೊಂಡು ಬಾ ಹೋಗು’ ಎನ್ನುತ್ತಿದ್ದಳು. ಅಷ್ಟೇ. ಬೈಯುತ್ತಿರಲಿಲ್ಲ.

ಕಾಫಿ ನಮ್ಮ ಕಡೆಯ ವಸ್ತುವಲ್ಲ. ನಮ್ಮದು ಚಹಾದ ಸೀಮೆ. ನಾನು ಕಾಫಿ ಎಂಬುದನ್ನು ಮೊದಲು ಕುಡಿದದ್ದು ವಾಡಿ ಜಂಕ್ಷನ್ನಿನಲ್ಲಿ, ಎಂಟನೆಯ ವಯಸ್ಸಿನಲ್ಲಿ. ಗಾಡಿ ಬದಲಿಸುವಾಗ ಅಪ್ಪನಿಗೆ ಏನು ಹುರುಪು ಬಂತೋ, ‘ಇವತ್ತು ಕಾಫಿ ಕುಡಿಯೋಣು’ ಎಂದ. ಮಾರುವವನು ಒಂದೇ ಕಿಟಲಿಯಿಂದ ಎರಡು ಕಪ್ಪು ಬಗ್ಗಿಸಿದ. ಅಪ್ಪ ಗುಟುಕರಿಸಿ, ‘ಇದು ಚಹಾ ಅಲ್ಲೇನು?’ ಎಂದ. ‘ನೀವು ಕಾಫಿ ಕೇಳಿದ್ರಿ, ಕಾಫಿ ಕೊಟ್ಟೀನ್ರಿ. ಚಾ ಬೇಕಂದ್ರ ಮೊದಲೇ ಹೇಳಬೇಕಿತ್ತು’ ಎಂದು ಆತ ಮುಂದಿನ ಡಬ್ಬಿಗೆ ಹೋದ. ಅಲ್ಲಿನ ಕಾರ್ಖಾನೆಯ ಸಿಮೆಂಟಿನ ಧೂಳಿನಲ್ಲಿ ನಿಂತು ನಾವಿಬ್ಬರೂ ಅದನ್ನು ಕಾಫಿ ಎಂದು ನಂಬಿ ಮುಗಿಸಿದೆವು. ಅದರ ರುಚಿ ಇನ್ನೂ ನಾಲಿಗೆಯ ಮೇಲಿದೆ ಎಂದು ಬರೆಯಲು ಹೊರಟಿದ್ದೆ. ಇಲ್ಲ. ಧೂಳಿನ ರುಚಿ ಇದೆ.

ಇಂಥವನಿಗೆ ಕಾಫಿಯ ಕೆಲಸವೇ ಸಿಕ್ಕಿತು. ತೊಂಬತ್ತರ ದಶಕದ ಕೊನೆಯಲ್ಲಿ, ವಿದೇಶದ ಒಂದು ಸಂಸ್ಥೆಗೆ ಊರೂರು ಅಲೆಯುವವರು ಬೇಕಾಗಿದ್ದರು. ಕೆಲಸ ಹೀಗೆ: ಚಿಕ್ಕ ಚಿಕ್ಕ ಕಾಫಿ ಬೆಳೆಗಾರರು ಸಂಘ ಕಟ್ಟಿಕೊಳ್ಳುತ್ತಾರೆ, ಕೊಳ್ಳುವವರು ಅವರಿಗೆ ನ್ಯಾಯವಾದ ಬೆಲೆ ಕೊಡುತ್ತೇವೆಂದು ಮಾತು ಕೊಡುತ್ತಾರೆ, ಎರಡೂ ಕಡೆಯವರು ಆಡಿದಂತೆ ನಡೆದಿದ್ದಾರೆಯೇ ಎಂದು ನನ್ನಂಥವನು ಹೋಗಿ ನೋಡಿ ಬರುತ್ತಾನೆ. ಅಂದರೆ, ‘ನಿಮಗೆ ಹೇಗೆ ಗೊತ್ತು?’ ಎಂದು ಕೇಳುವುದಕ್ಕೇ ಸಂಬಳ. ಪೆರುವಿನ ಬೆಟ್ಟ ಹತ್ತಿದೆ, ಗ್ವಾಟೆಮಾಲಾದಲ್ಲಿ ಜಾರಿ ಬಿದ್ದೆ, ಟಾಂಜಾನಿಯಾದಲ್ಲಿ ನನ್ನನ್ನು ಡಾಕ್ಟರನೆಂದು ತಿಳಿದು ಮೂವರು ನಾಲಿಗೆ ತೋರಿಸಿದರು. ಎಲ್ಲ ಕಡೆಯೂ ಒಂದೇ ಪದ್ಧತಿ. ಮನೆಯ ಒಳ್ಳೆಯ ಕುರ್ಚಿ ನನಗೆ, ನೆರಳು ನನಗೆ. ನನ್ನ ಹಾಳೆಯಲ್ಲೊಂದು ಪ್ರಶ್ನೆ ಇತ್ತು: ಯಾವ ಬೀಜ, ಎಷ್ಟು ನೆಲಕ್ಕೆ ಎಂದು ತೀರ್ಮಾನಿಸುವಾಗ ಹೆಂಗಸರ ಮಾತು ನಡೆಯುತ್ತದೆಯೇ? ನಾಲ್ಕು ದೇಶಗಳಲ್ಲಿ ನೂರಾರು ಹೆಂಗಸರಿಗೆ ಅದನ್ನು ಕೇಳಿದೆ. ಆಡಕಿಯಲ್ಲಿ ಒಮ್ಮೆಯೂ ಕೇಳಲಿಲ್ಲ.

ಅಲ್ಮಾಜಳಿಗೂ ಅದನ್ನೇ ಕೇಳಿದೆ. ನಡುವಯಸ್ಸು ದಾಟಿದ, ಎತ್ತರದ ಹೆಂಗಸು. ಆಕೆ ದುಭಾಷಿಯ ಮೂಲಕ, ಉತ್ತರಕ್ಕೆ ಮೊದಲು ಕಾಫಿ ಎಂದಳು. ಅಲ್ಲಿ ಕಾಫಿ ಎಂದರೆ ಎದುರಿಗೇ ಹಸಿ ಬೀಜ ತೊಳೆದು, ಹುರಿದು, ಕುಟ್ಟಿ, ಕುದಿಸಿ, ಮೂರು ಸುತ್ತು ಕೊಡುವುದು. ಮೂರನೆಯದು ಕುಡಿಯದೆ ಏಳುವಂತಿಲ್ಲ. ಹುರಿದ ಬೀಜದ ಹೊಗೆಯನ್ನು ಕೈಯಿಂದ ನನ್ನ ಮುಖದ ಕಡೆ ತಳ್ಳಿದಳು. ಮೂರು ಕಪ್ಪು ಮುಗಿಯುವಷ್ಟರಲ್ಲಿ ಪ್ರಶ್ನೆ ಕೇಳುವವಳು ಆಕೆಯಾಗಿದ್ದಳು. ನಿನಗೆ ಅನ್ನ ಹಾಕಿ ಬೆಳೆಸಿದವರು ಯಾರು? ಅವ್ವನ ಅಕ್ಕ ಎಂದೆ. ಆಕೆ ಏನು ಬೆಳೆಯುತ್ತಾಳೆ? ಬೇಳೆ ಎಂದೆ. ಅಲ್ಮಾಜ್ ಎದ್ದು ಒಳಗೆ ಹೋಗಿ ಎರಡು ಹಿಡಿ ಹಸಿ ಕಾಫಿ ಬೀಜವನ್ನು ಬಟ್ಟೆಯಲ್ಲಿ ಕಟ್ಟಿ ತಂದು, ಆಕೆಗೆ ಕೊಡು ಎಂದಳು.

ಕೊಟ್ಟೆ. ಇದು ಖಂಡಿತ ನಡೆದದ್ದು, ಸಾಕ್ಷಿಗಳಿದ್ದಾರೆ. ಆದರೆ ಕೊಟ್ಟ ರೀತಿ ನನ್ನದೇ ರೀತಿ. ಸೇಡಂನಿಂದ ಬಸ್ಸು ಹಿಡಿದು ಆಡಕಿಗೆ ಹೋದವನು ಒಂದು ತಾಸೂ ಕೂಡಲಿಲ್ಲ. ‘ಆಫ್ರಿಕಾದಾಗ ಒಬ್ಬಾಕಿ ಹೆಣಮಗಳು ನಿನಗ ಕೊಟ್ಟು ಕಳಿಸ್ಯಾಳ, ಆಕಿ ಹೊಲದಾಗ ಬೆಳೆದದ್ದು’ ಎಂದು ಗಂಟನ್ನು ಕೈಯಲ್ಲಿಟ್ಟು ಚಿತ್ತಾಪುರಕ್ಕೆ ಓಡಿದೆ. ಅದು ಕಾಫಿ, ಅದನ್ನು ಹುರಿಯಬೇಕು, ಪುಡಿ ಮಾಡಬೇಕು ಎಂದು ಹೇಳಿದೆನೆಂದೇ ನನ್ನ ನೆನಪು. ಹೇಳಿರಲಿಲ್ಲ ಎಂಬುದು ಐದು ತಿಂಗಳ ಮೇಲೆ ಗೊತ್ತಾಯಿತು.

‘ತಮ್ಮಾ, ಆಕಿ ಬ್ಯಾಳಿ ಬೇಯಲಿಲ್ಲ ನೋಡಪ’ ಎಂದಳು ದೊಡ್ಡವ್ವ, ನಾನು ಚಪ್ಪಲಿ ಬಿಡುವ ಮೊದಲೇ.

‘ಯಾವ ಬ್ಯಾಳಿ?’

‘ನೀ ತಂದಿದ್ದಿಯಲ್ಲಾ, ಹಸಿರು ಕಾಳು. ನೆನಿ ಹಾಕಿ, ಕೆಮ್ಮಣ್ಣು ಹಚ್ಚಿ, ನಾಕು ದಿನ ಒಣಗಿಸಿ ಬೀಸಿದೆ. ಬೀಸುಕಲ್ಲು ಕರಕರ ಅಂತದ, ಒಡೀವಲ್ದು. ಒಡದದ್ದಷ್ಟು ಒಲಿ ಮ್ಯಾಲ ಇಟ್ಟೆ. ಮುಂಜಾನಿಂದ ಸಂಜಿತನಕ ಕುದಿಲಿಕತ್ತದ, ಕುದಿಲಿಕತ್ತದ, ಜರಾನೂ ಮೆತ್ತಗಾಗವಲ್ದು.’

ಅಡುಗೆಮನೆಯಿಂದ ಶರಣಮ್ಮ ವೈನಿ, ದೊಡ್ಡವ್ವನ ಸೊಸೆ, ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಬಂದರು. ‘ನಾ ಚೆಲ್ಲರಿ ಅಂದೆ. ಅತ್ತಿ ಕೇಳಲಿಲ್ಲ. ಬೆಲ್ಲ ಹಾಕಿ ಉಂಡ್ರು. ಎರಡು ದಿನ ನಿದ್ದಿ ಇಲ್ಲ, ಎದಿ ಧಡಧಡ ಅಂತಿತ್ತು. ದವಾಖಾನಿಗಿ ಹೋಗ್ರಿ ಅಂದ್ರ, ಏನ್ ಹೇಳಲಿ ಡಾಕ್ಟರಗ ಅಂತ ಕೂತ್ರು.’

‘ಮತ್ತೇನು, ಒಬ್ಬಾಕಿ ಅಷ್ಟು ದೂರದಿಂದ ಕಳಿಸಿದ್ದು ಚೆಲ್ಲಲೇನು?’ ಎಂದಳು ದೊಡ್ಡವ್ವ. ಆಮೇಲೆ ದನಿ ಇಳಿಸಿ, ‘ಖರೇ ಹೇಳು, ಆಕಿ ದಿನಾ ಅದನ್ನೇ ತಿಂತಾಳೇನು? ಪಾಪ. ಅಂಥಾ ಕಹಿ ಬ್ಯಾಳಿ ತಿಂದು ಹೆಂಗ ಜೀವ ಹಿಡದಾಳ?’

ನಾನು ನಕ್ಕೆ. ಫರಸಿಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅದು ಬೇಳೆಯಲ್ಲ, ಕಾಫಿ, ಎಂದು ವಿವರಿಸಿದೆ. ವೈನಿಯೂ ನಕ್ಕರು. ದೊಡ್ಡವ್ವ ನಗಲಿಲ್ಲ. ‘ಹುರದು ಕುಡೀತಾರ ಸರಿ. ಉಣ್ಣಾಕ ಏನದ ಆಕಿಗಿ?’ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ನನ್ನ ಹಾಳೆಯಲ್ಲಿ ಆ ಪ್ರಶ್ನೆ ಇರಲಿಲ್ಲ.

ಆ ಕಥೆಯನ್ನು ನಾನು ಆಮೇಲೆ ಎಷ್ಟು ಕಡೆ ಹೇಳಿದೆನೋ ಲೆಕ್ಕವಿಲ್ಲ. ಯುರೋಪಿನ ಒಂದು ಸಭೆಯ ನಂತರದ ಊಟದಲ್ಲಿ ಹೇಳಿದಾಗ ಮೇಜು ತಟ್ಟಿ ನಕ್ಕರು. ಮರುದಿನ ಬೇರೆಯವರನ್ನು ಕರೆತಂದು, ‘ನಿನ್ನ ಆಂಟಿಯ ಕಾಫಿ ಬೇಳೆಯದು ಇನ್ನೊಮ್ಮೆ ಹೇಳು’ ಎಂದರು. ಹೇಳಿದೆ. ಸ್ವಲ್ಪ ಬೆಳೆಸಿಯೇ ಹೇಳಿದೆ. ಬೆಲ್ಲ ಹಾಕಿಕೊಂಡು ಉಂಡ ಭಾಗವನ್ನು ಹೇಳಿದೆ. ‘ಪಾಪ’ ಎಂದ ಭಾಗವನ್ನು ಬಿಟ್ಟೆ.

ಎರಡನೆಯ ಸಲ ಇಥಿಯೋಪಿಯಾಕ್ಕೆ ಹೊರಡುವ ಮೊದಲು ಆಡಕಿಗೆ ಹೋದಾಗ ದೊಡ್ಡವ್ವ ತಯಾರಾಗಿ ಕೂತಿದ್ದಳು. ಮಾದರಪಾಟದ ಬಿಳಿ ಬಟ್ಟೆಯಲ್ಲಿ ಎರಡು ಹಿಡಿ ತೊಗರಿ. ಒಣ ಕೆಮ್ಮಣ್ಣು ತಿಕ್ಕಿದ, ಒಂದೊಂದೇ ಆರಿಸಿದ ಬೀಜದ ಕಾಳು.

‘ಮುಂಗಾರಿಗಿ ಬಿತ್ತು ಅಂತ ಹೇಳು. ಒಂದು ಗೇಣು ಬಿಟ್ಟು ಒಂದು. ನೀರು ನಿಲ್ಲಗೊಡಬ್ಯಾಡ ಅನ್ನು. ಹೂವಿನಾಗ ಹುಳ ನೋಡಕೊ ಅನ್ನು. ಬರಕೊಳ್ಳೋ ಶ್ಯಾಣ್ಯಾ, ನೀ ಮರೀತಿ.’

‘ಮರೆಯೂದಿಲ್ಲ.’

‘ಹೆಸರರ ಬರಿ. ಬ್ಯಾರೆ ಯಾರ ಕೈಗರ ಕೊಟ್ಟು ಬಂದೀ.’

ಬಾಲ್‌ಪೆನ್ನಿನಿಂದ ಬಟ್ಟೆಯ ಮೇಲೆ ‘ಅಲ್ಮಾಜ್’ ಎಂದು ಬರೆದೆ. ದೊಡ್ಡವ್ವ ಅಕ್ಷರಗಳ ಮೇಲೆ ಬೆರಳಾಡಿಸಿ, ‘ಚಂದ ಅದ ಹೆಸರು’ ಎಂದಳು. ವೈನಿ ಚಹಾ ತಂದರು. ಅಷ್ಟರಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಅರ್ಧ ಕಪ್ಪು ಬಿಟ್ಟು ಓಡಿದೆ. ಗಂಟನ್ನು ಚೀಲದ ಹಿಂದಿನ ಜೇಬಿಗೆ, ಡೈರಿಯ ಪಕ್ಕ ಸೇರಿಸಿದೆ. ಹೀಗೆ ನನ್ನ ನೆನಪು.

ಆ ಸಲ ಅಲ್ಮಾಜಳ ಊರಿಗೆ ನಾನು ಮುಟ್ಟಲೇ ಇಲ್ಲ. ಮಳೆಗೆ ರಸ್ತೆ ಕುಸಿದಿತ್ತು. ಕೆಳಗಿನ ಪಟ್ಟಣದಲ್ಲೇ ಎರಡು ದಿನ ಕಾದು, ಸಂಘದವರನ್ನು ಅಲ್ಲಿಗೇ ಕರೆಸಿ ಮಾತಾಡಿ ತಿರುಗಿ ಬಂದೆ. ಇದು ನೆನಪಲ್ಲ. ನಾನೇ ಬರೆದು ಸಹಿ ಹಾಕಿದ ವರದಿಯಲ್ಲಿದೆ. ಗಂಟನ್ನು ದುಭಾಷಿಯ ಕೈಗೆ ಕೊಟ್ಟಿರಬೇಕು ಎಂದುಕೊಂಡೆ. ‘ಇರಬೇಕು’ ಎಂಬ ಮಾತನ್ನು ಬೇರೆಯವರ ಉತ್ತರದಲ್ಲಿ ಕಂಡರೆ ನಾನು ಕೆಂಪು ಗೆರೆ ಎಳೆಯುತ್ತಿದ್ದೆ.

ಮುಂದಿನ ಸಲ ಆಡಕಿಗೆ ಹೋದಾಗ ದೊಡ್ಡವ್ವ ಕೇಳಿದ್ದು ಒಂದೇ ಮಾತು: ‘ಮುಟ್ತೇನು?’

‘ಮುಟ್ತು’ ಎಂದೆ.

ಆ ಗಳಿಗೆಯಲ್ಲಿ ಸುಳ್ಳು ಹೇಳುತ್ತಿದ್ದೇನೆಂದು ನನಗೆ ಗೊತ್ತಿತ್ತೇ? ಇದನ್ನು ಎಷ್ಟು ಸಲ ಕೇಳಿಕೊಂಡರೂ ಒಂದೇ ಉತ್ತರ ಬರುವುದಿಲ್ಲ. ರಸ್ತೆ, ಮಳೆ, ದುಭಾಷಿ ಎಂದು ಉದ್ದಕ್ಕೆ ಹೇಳುವ ಬದಲು ಎರಡಕ್ಷರದಲ್ಲಿ ಮುಗಿಸಿದೆ. ಆದರೆ ಮುಗಿಯಲಿಲ್ಲ. ಪ್ರತಿ ಸಲವೂ ಕೇಳಿದಳು. ಆ ಊರಿಗೆ ಮತ್ತೆ ಹೋಗದಿದ್ದರೂ ನಾನು ಪ್ರತಿ ಸಲವೂ ಒಂದಿಷ್ಟು ಸೇರಿಸಿದೆ. ಮನೆಯ ಹಿಂದೆ ಬಿತ್ತಿದ್ದಾಳೆ ಎಂದೆ. ಮೊಣಕಾಲೆತ್ತರ ಬಂದಿವೆ ಎಂದೆ. ಹೂ ಬಿಟ್ಟಿವೆ ಎಂದೆ. ಹೇಳುತ್ತ ಹೇಳುತ್ತ ಆ ಹಿತ್ತಲು ನನ್ನ ಕಣ್ಣಿಗೇ ಕಾಣತೊಡಗಿತು. ಜಗುಲಿ ಬಂತು, ಎಡಗಡೆಯ ಬಿಸಿಲು ಬಂತು, ಗಂಟು ಬಿಚ್ಚುವ ಕೈ ಬಂತು. ಕೈಗೆ ಬಳೆ ಎಲ್ಲಿಂದ ತರಲಿ, ಎದುರಿಗೆ ಕೂತವಳ ಬಳೆಯನ್ನೇ ತೊಡಿಸಿದೆ.

ಒಮ್ಮೆ ಸಿಕ್ಕಿಬಿದ್ದೆ. ಜಗುಲಿಯ ವರ್ಣನೆ ಮಾಡುತ್ತಿದ್ದಾಗ ದೊಡ್ಡವ್ವ ತೊಗರಿ ಆರಿಸುತ್ತ, ತಲೆ ಎತ್ತದೆ, ‘ಹೋದ ಸಲ ಆಕಿ ಮನಿ ಬಾಗಲಾ ಮೂಡಲಕ ಅಂದಿದ್ದಿ. ಈ ಸಲ ಬಡಗಲಕ ಅಂತಿ’ ಎಂದಳು.

‘ಎರಡು ಬಾಗಲಾ ಅವ.’

‘ಹಂಗೇನು. ಅಷ್ಟು ಸಣ್ಣ ಮನಿಗಿ ಎರಡು ಬಾಗಲಾ! ಸಾವಕಾರ್ತಿ ಆಗ್ಯಾಳ ಬಿಡು.’

ಅಷ್ಟೇ. ನಾಲ್ಕು ದೇಶಗಳಲ್ಲಿ ತಪಾಸಣೆ ಮಾಡಿದವನನ್ನು ಆಕೆ ಒಂದು ಮೊರದ ಹಿಂದೆ ಕೂತು ತಪಾಸಣೆ ಮಾಡಿ, ಏನೂ ಬರೆದುಕೊಳ್ಳದೆ ಬಿಟ್ಟಳು.

ಕೆಲವು ವರ್ಷಗಳ ಮೇಲೆ ನಾನು ಆ ಕೆಲಸ ಬಿಟ್ಟೆ. ಕುರ್ಚಿ, ನೆರಳು, ಹಾಳೆ ಸಾಕೆನಿಸಿತ್ತು. ಅದಾದ ಮೊದಲ ದೀಪಾವಳಿಗೆ ಆಡಕಿಗೆ ಹೋದಾಗ ದೊಡ್ಡವ್ವ ಬಹಳ ಇಳಿದಿದ್ದಳು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಅವತ್ತು ‘ಮುಟ್ತೇನು’ ಎಂದು ಕೇಳಲಿಲ್ಲ. ನಾನು ಹೊರಟು ನಿಂತಾಗ, ‘ತಮ್ಮಾ, ಆಕಿ ಊರ ಕಡಿ ಮತ್ತ ಹೋಗೂದದೇನು?’ ಎಂದಳು.

‘ಇಲ್ಲ ದೊಡ್ಡವ್ವ. ಆ ನೌಕರಿ ಬಿಟ್ಟೆ.’

‘ಒಂದ್ಸಲನೂ?’

‘ಇನ್ನ ಯಾಕ ಹೋಗಲಿ?’

ಆಕೆ ಏನೋ ಹೇಳಲು ಹೊರಟವಳು, ಬೀಜದ ಕೋಣೆಯ ಕಡೆ ಒಮ್ಮೆ ನೋಡಿ, ‘ಹಂಗಾದ್ರ ಬಿಡು’ ಎಂದಳು. ಕೋಣೆಯ ಕಡೆ ನೋಡಿದ್ದು ನಿಜವೋ, ಆಮೇಲೆ ನಾನು ಸೇರಿಸಿದ್ದೋ, ಹೇಳಲಾರೆ. ‘ಹಂಗಾದ್ರ ಬಿಡು’ ಎಂದದ್ದು ಮಾತ್ರ ನಿಜ. ಬಸ್ಸಿನಲ್ಲಿ ಅದು ಕಿವಿಯಲ್ಲಿ ಕೂತಿತ್ತು.

ಶಿವರಾತ್ರಿಗೆ ಒಂದು ವಾರ ಇರುವಾಗ ತೀರಿಕೊಂಡಳು. ತೊಗರಿ ರಾಶಿ ಮುಗಿದಿತ್ತು. ನಾನು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಅಂಗಳದ ಫರಸಿಗಳು ಕೆಂಪಾಗಿದ್ದವು. ಕೊನೆಯ ವಾರದಲ್ಲೂ ಕೂತಲ್ಲಿಂದಲೇ ಬೀಜದ ಕಾಳಿಗೆ ಮಣ್ಣು ತಿಕ್ಕಿದ್ದಳಂತೆ.

ದಿನಕರ್ಮಗಳು ಮುಗಿದ ಮೇಲೆ ಶರಣಮ್ಮ ವೈನಿ ಬೀಜದ ಕೋಣೆಯಿಂದ ಒಂದು ಗಂಟು ಹಿಡಿದುಕೊಂಡು ಬಂದರು. ‘ಇದು ಯಾರ ಹೆಸರ್ರಿ? ಅಲ್ಮಾಜ್ ಅಂತ ಬರದದ. ನಮ್ಮ ಪೈಕಿ ಹಂಥವರು ಯಾರೂ ಇಲ್ಲ.’

ಮಾದರಪಾಟದ ಬಟ್ಟೆ ಹಳದಿಯಾಗಿತ್ತು. ಶಾಯಿ ಮಸುಕಾಗಿತ್ತು. ಅಕ್ಷರ ನನ್ನದೇ.

‘ಎಲ್ಲಿತ್ತಿದು?’

‘ಗೂಟಕ್ಕ ಕಟ್ಟಿತ್ತು, ಬ್ಯಾರೆ ಬೀಜದ ಗಂಟಿನ ಸಂಗಾಟ. ನೀವು ಮೊದಲೊಮ್ಮಿ ಕಿಡಕಿ ಕಟ್ಟಿ ಮ್ಯಾಲ ಬಿಟ್ಟು ಹೋಗಿದ್ರಿ, ಬಸ್ಸಿಗಿ ಓಡುಮುಂದ. ಚಾದ ಕಪ್ಪಿನ ಬಾಜೂಕ. ಅತ್ತಿ ಎತ್ತಿಟ್ಟಿದ್ರು. ಕಳಿಸಿರಬೇಕು ಅಂತ ನಾ ತಿಳದಿದ್ದೆ.’

ನಾನು ಕೂತೆ. ಅದೇ ಫರಸಿ.

‘ಅವರಿಗೆ ಗೊತ್ತಿತ್ತೇನು, ವೈನಿ? ಗಂಟು ಇಲ್ಲೇ ಅದ ಅಂತ?’

‘ಗೊತ್ತಿಲ್ದ ಏನ್ರಿ, ಅವರೇ ಕಟ್ಟಿದ್ದು. ನೀವು ಬಂದು ಹೋದ ಮ್ಯಾಲ ಒಬ್ಬರೇ ನಗ್ತಿದ್ರು. ಈ ಸಲ ಹೂ ಬಿಟ್ಟಾವಂತ ನೋಡ, ಅಂತ. ಯಾವ ಹೂವು ಅಂತ ಕೇಳಿದ್ರ ಹೇಳ್ತಿದ್ದಿಲ್ಲ. ನಮ್ಮ ತಮ್ಮ ಭಾಳ ಚಂದ ಹೇಳ್ತಾನ, ಅಂತಿದ್ರು.’

ಗಂಟನ್ನು ಮನೆಗೆ ತಂದೆ. ಈ ಸಲ ಕೈಯಲ್ಲೇ ಹಿಡಿದುಕೊಂಡು ತಂದೆ. ವಾಡಿಯಲ್ಲಿ ಗಾಡಿ ಕಾಯುವಾಗಲೂ ಬೆಂಚಿನ ಮೇಲೆ ಇಡಲಿಲ್ಲ.

ಆದರೆ ನನ್ನ ಬುದ್ಧಿ ಬಿಡಬೇಕಲ್ಲ. ಗಂಟು ಬಿಚ್ಚಿದಾಗ ಕಾಳುಗಳು ತೀರ ಹೊಸದಾಗಿ ಕಂಡವು. ಮಣ್ಣಿನ ಹುಡಿ ಆಗಷ್ಟೇ ತಿಕ್ಕಿದಂತೆ ಬೆರಳಿಗೆ ಹತ್ತಿತು. ನಾನು ಆ ಗಂಟನ್ನು ಕಿಟಕಿಯ ಕಟ್ಟೆಯ ಮೇಲೆ ಮರೆತು ಏಳು ವರ್ಷವಾಗಿತ್ತು. ಬೀಜ ಪರೀಕ್ಷಿಸುವ ಗೆಳೆಯನೊಬ್ಬನನ್ನು ಕೇಳಿದೆ. ಬಟ್ಟೆಯಲ್ಲಿ ಕಟ್ಟಿ ಗೂಟಕ್ಕೆ ತೂಗುಹಾಕಿದ ತೊಗರಿ ಏಳು ವರ್ಷದ ಮೇಲೆ ಮೊಳೆಯುವುದಿಲ್ಲ, ಎರಡು ಮೂರು ವರ್ಷವೇ ಹೆಚ್ಚು ಎಂದ. ಮೊಳೆತರೆ ಅದಕ್ಕೆ ಒಂದೇ ಅರ್ಥ. ಪ್ರತಿ ರಾಶಿಯಾದ ಮೇಲೆ ದೊಡ್ಡವ್ವ ಅದೇ ಬಟ್ಟೆಯಿಂದ ಹಳೆಯ ಕಾಳು ತೆಗೆದು, ಆ ವರ್ಷದ ಕಾಳು ಆರಿಸಿ, ಮಣ್ಣು ತಿಕ್ಕಿ ಕಟ್ಟಿಟ್ಟಿದ್ದಳು. ನಾನು ಒಂದು ಸಲ ನಿಜ ಹೇಳಿದರೆ ಕೈಗೆ ಕೊಟ್ಟು ಕಳಿಸಲು. ದೀಪಾವಳಿಯಲ್ಲಿ ‘ಹಂಗಾದ್ರ ಬಿಡು’ ಎಂದವಳು, ಅದಾದ ಮೇಲಿನ ರಾಶಿಯ ನಂತರವೂ ಹಾಗೆಯೇ ಕಟ್ಟಿಟ್ಟಿದ್ದಳು.

ಹತ್ತು ಕಾಳು ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ತಟ್ಟೆಯ ಮೇಲಿಟ್ಟು, ಐದನೆಯ ದಿನ ಬೆಳಿಗ್ಗೆ ಬಿಚ್ಚಿ ನೋಡಿದೆ. ಒಂಬತ್ತು ಮೊಳೆತಿದ್ದವು.